ಹಿತ್ತಿಲಿಲ್ಲದ ಮನೆಯಲ್ಲೂ ಗೊಬ್ಬರ

ಹಿತ್ತಿಲಿದ್ದ ಕಾಲದಲ್ಲಿ ಅಡುಗೆಮನೆಯ ಕಸ ಒಂದು ಸಮಸ್ಯೆಯೇ ಆಗಿರಲಿಲ್ಲ. ತರಕಾರಿ ಸಿಪ್ಪೆ ತೆಂಗಿನ ಬುಡ ಸೇರುತ್ತಿತ್ತು, ಮೀನಿನ ತಲೆ ಬೆಕ್ಕಿನ ಪಾಲಾಗುತ್ತಿತ್ತು. ಫ್ಲ್ಯಾಟಿಗೆ ಬಂದ ಮೇಲೆ ಅದೆಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಡುತ್ತೇವೆ. ಬೀದಿನಾಯಿ ಚೀಲ ಹರಿಯುತ್ತದೆ, ನೊಣ, ಇಲಿ ಸೇರುತ್ತವೆ. ಉಳಿದದ್ದು ಊರಾಚೆಯ ರಾಶಿಗೆ ಹೋಗುತ್ತದೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ, ಕೆಳಗಿನ ಮಂದಾರದ ಮನೆ-ತೋಟಗಳನ್ನು ಆವರಿಸಿತು. ಹಲವು ಕುಟುಂಬಗಳು ಮನೆ ಬಿಡಬೇಕಾಯಿತು. ದಾರಿಯಲ್ಲಿರುವ ಉಪದ್ರವಕಾರಿ ವಸ್ತುವನ್ನು ಸರಿಸುವುದನ್ನು ಪ್ರವಾದಿ(ಸ) ಈಮಾನಿನ ಭಾಗವೆಂದು ಕಲಿಸಿದ್ದಾರೆ. ಹೀಗಿರುವಾಗ ನಮ್ಮ ಮನೆಯ ಕಸ ಇನ್ನೊಬ್ಬರ ಬಾಗಿಲಿಗೆ ಉಪದ್ರವವಾಗಬಾರದಲ್ಲವೇ?

ವಾಸನೆ ಬರುವುದೇಕೆ?

‘ಮನೆಯೊಳಗೆ ಗೊಬ್ಬರ ಮಾಡಿದರೆ ನಾರುವುದಿಲ್ಲವೇ?’ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಕಸವನ್ನು ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ಕಸ ತೀರಾ ಒದ್ದೆಯಾಗಿ ಗಾಳಿ ಸಿಗದಿದ್ದಾಗ ಬೇರೆ ಬಗೆಯ ಜೀವಿಗಳು ಬೆಳೆದು ಕಸ ಕೊಳೆತು ನಾರುತ್ತದೆ. ಆದ್ದರಿಂದ ಗುಟ್ಟು ಇಷ್ಟೇ: ಹಸಿ ಕಸ ಹಾಕಿದಾಗಲೆಲ್ಲ ಒಣ ವಸ್ತುವನ್ನೂ ಹಾಕಬೇಕು.

ಮಾಡುವ ವಿಧಾನ

ಸುಮಾರು 20 ಲೀಟರಿನ ಮುಚ್ಚಳವಿರುವ ಬಕೆಟ್ ಅಥವಾ ಮಣ್ಣಿನ ಮಡಕೆ ತೆಗೆದುಕೊಳ್ಳಿ. ತಳದಲ್ಲೂ ಬದಿಗಳಲ್ಲೂ ಸಣ್ಣ ತೂತುಗಳನ್ನು ಮಾಡಿ, ಕೆಳಗೊಂದು ತಟ್ಟೆಯಿಡಿ. ತಳಕ್ಕೆ ಮೂರು ಬೆರಳು ದಪ್ಪ ಒಣ ಎಲೆ ಅಥವಾ ತೆಂಗಿನ ನಾರಿನ ಹುಡಿ ಹರಡಿ. ದಿನದ ಸಿಪ್ಪೆ, ಸೊಪ್ಪಿನ ದಂಟು, ಚಹಾದ ಚರಟವನ್ನು ನೀರು ಬಸಿದು, ಸಣ್ಣಗೆ ಹೆಚ್ಚಿ ಹಾಕಿ. ಅದರ ಮೇಲೆ ಅಷ್ಟೇ ಪ್ರಮಾಣದ ಒಣ ಎಲೆ, ನಾರಿನ ಹುಡಿ ಅಥವಾ ಹರಿದ ಪತ್ರಿಕೆ ಮುಚ್ಚಿ. ಮೊದಲ ದಿನ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಹುಳಿ ಮಜ್ಜಿಗೆ ಬೆರೆಸಿದರೆ ಕೆಲಸ ಬೇಗ ಶುರುವಾಗುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಕೋಲಿನಿಂದ ಕದಡಿ. ಒಳಗಿನ ತೇವ ಹಿಂಡಿದ ಬಟ್ಟೆಯಷ್ಟಿರಲಿ.

ಬಕೆಟ್ ತುಂಬಿದ ಮೇಲೆ ಬದಿಗಿಟ್ಟು ಇನ್ನೊಂದನ್ನು ಆರಂಭಿಸಿ. ಒಂದೂವರೆ-ಎರಡು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ಪರಿಮಳದ ಕಪ್ಪು ಗೊಬ್ಬರ ಸಿದ್ಧ.

ಗಮನಿಸಿ

ಮಾಂಸ, ಮೀನು, ಎಲುಬು, ಎಣ್ಣೆ, ಸಾರು ಈ ಬಕೆಟಿಗೆ ಬೇಡ. ಬಿರಿಯಾನಿಯ ಎಲುಬನ್ನು ಹಸಿಕಸದ ಗಾಡಿಗೇ ಕೊಡಿ. ರಮಝಾನಿನಲ್ಲಿ ಕಲ್ಲಂಗಡಿ ಸಿಪ್ಪೆ ಹೆಚ್ಚು ಬರುತ್ತದೆ, ಅದರಲ್ಲಿ ನೀರೇ ಜಾಸ್ತಿ. ಒಣ ಎಲೆಯನ್ನು ಎರಡು ಪಾಲು ಹಾಕಿ. ಖರ್ಜೂರದ ಬೀಜ ಬೇಗ ಕರಗದು, ಹೊರಗಿಡಿ.

ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ, ಅದು ಕೆಲಸ ನಡೆಯುತ್ತಿರುವ ಲಕ್ಷಣ. ಹುಳು ಅಥವಾ ದುರ್ವಾಸನೆ ಕಂಡರೆ ಒಣ ವಸ್ತು ಹೆಚ್ಚಿಸಿ ಕದಡಿ. ತಟ್ಟೆಯ ನೀರನ್ನು ದಿನವೂ ಚೆಲ್ಲಿ. ನಿಂತ ನೀರು ಸೊಳ್ಳೆಗೆ ತೊಟ್ಟಿಲು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಉಬ್ಬಸವಿರುವವರು ಕದಡುವ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಒಂದು ಪಾಲು ಗೊಬ್ಬರಕ್ಕೆ ಮೂರು ಪಾಲು ಮಣ್ಣು ಬೆರೆಸಿದರೆ ಕಿಟಕಿಯ ಬಳಿ ಪುದೀನ, ಕೊತ್ತಂಬರಿ ಬೆಳೆಯಬಹುದು. ಮಿಕ್ಕಿದ್ದನ್ನು ಮಸೀದಿಯ ಅಂಗಳದ ಗಿಡಗಳಿಗೆ ಕೊಡಿ. ಆದರೆ ಗೊಬ್ಬರಕ್ಕಿಂತ ಮೊದಲು, ತಟ್ಟೆಯಲ್ಲಿ ಅನ್ನ ಉಳಿಯದಂತೆ ನೋಡಿಕೊಳ್ಳೋಣ. ದುಂದುವೆಚ್ಚಕ್ಕೆ ಗೊಬ್ಬರ ಪರಿಹಾರವಲ್ಲ.