ಕನ್ನಡಿಯಂತಿದ್ದರೂ ಸಮವಲ್ಲ: ಕಂಪ್ಯೂಟರ್ ರಣರಂಗದ ನಕ್ಷೆಯ ಲೆಕ್ಕಾಚಾರ

ಕ್ರಿಕೆಟ್‌ನಲ್ಲಿ ನಾಣ್ಯ ಚಿಮ್ಮುತ್ತಾರೆ. ಕಬಡ್ಡಿಯಲ್ಲಿ ವಿರಾಮದ ಬಳಿಕ ಅಂಕಣ ಬದಲಿಸುತ್ತಾರೆ. ಸೋಲು ಗೆಲುವನ್ನು ಆಟಗಾರನ ಕೌಶಲ ನಿರ್ಧರಿಸಬೇಕೇ ಹೊರತು ಆತ ನಿಂತ ನೆಲವಲ್ಲ ಎಂಬುದೇ ಇದರ ಹಿಂದಿನ ಆಶಯ. ಆದರೆ ಕಂಪ್ಯೂಟರ್‌ನ 'ರಿಯಲ್ ಟೈಮ್ ಸ್ಟ್ರಾಟೆಜಿ' ಆಟಗಳಲ್ಲಿ ನಡುವೆ ಬದಿ ಬದಲಿಸುವ ಅವಕಾಶವಿಲ್ಲ. ಆರಂಭದಲ್ಲಿ ದೊರೆತ ಮೂಲೆಯಲ್ಲೇ ನೆಲೆ ಕಟ್ಟಿ, ಅಲ್ಲಿಂದಲೇ ಹೋರಾಡಬೇಕು. ಹೀಗಾಗಿ ನ್ಯಾಯದ ಹೊಣೆಯೆಲ್ಲ ರಣರಂಗದ ನಕ್ಷೆ ರಚಿಸಿದವನ ಮೇಲೆ ಬೀಳುತ್ತದೆ.

ಚದುರಂಗದಂತೆ ಇಲ್ಲಿ ಸರದಿ ಇಲ್ಲ. ಎಲ್ಲ ಆಟಗಾರರೂ ಏಕಕಾಲದಲ್ಲಿ ಖನಿಜ ಅಗೆಸಿ, ಕಟ್ಟಡ ಕಟ್ಟಿ, ಸೈನ್ಯ ಬೆಳೆಸಿ ದಾಳಿ ಮಾಡುತ್ತಾರೆ. ಕೆಲವೇ ಸೆಕೆಂಡುಗಳ ಮುನ್ನಡೆಯೂ ಪಂದ್ಯದ ಗತಿಯನ್ನು ತಿರುಗಿಸಬಲ್ಲದು.

ಇದಕ್ಕೆ ಪ್ರಸಿದ್ಧ ನಿದರ್ಶನ, ಅಮೆರಿಕದ ಬ್ಲಿಜರ್ಡ್ ಸಂಸ್ಥೆ 1998ರಲ್ಲಿ ಬಿಡುಗಡೆ ಮಾಡಿದ 'ಸ್ಟಾರ್‌ಕ್ರಾಫ್ಟ್'. ದಕ್ಷಿಣ ಕೊರಿಯಾದಲ್ಲಿ ಈ ಆಟ ವೃತ್ತಿಪರ ಕ್ರೀಡೆಯಾಗಿ ಬೆಳೆಯಿತು. 2000ರ ದಶಕದಲ್ಲಿ ಆನ್‌ಗೇಮ್‌ನೆಟ್, ಎಂಬಿಸಿ ಗೇಮ್ ವಾಹಿನಿಗಳು ಪಂದ್ಯಗಳನ್ನು ನೇರ ಪ್ರಸಾರ ಮಾಡಿದವು. ಸ್ಯಾಮ್‌ಸಂಗ್, ಎಸ್.ಕೆ. ಟೆಲಿಕಾಂನಂತಹ ಸಂಸ್ಥೆಗಳು ತಂಡಗಳನ್ನು ಪೋಷಿಸಿದವು. ಆಟವೇ ಜೀವನೋಪಾಯವಾದ ಯುವಕರಿಗೆ ನಕ್ಷೆಯ ಒಂದು ಲೋಪವೂ ದುಬಾರಿಯಾಗತೊಡಗಿತು.

ಎರಡು ಬಗೆಯ ಸಮಮಿತಿ

ನಕ್ಷೆಯ ಎರಡೂ ಬದಿ ಒಂದೇ ರೀತಿ ಇದ್ದರೆ ಸಾಕಲ್ಲವೇ ಎಂಬ ಪ್ರಶ್ನೆ ಸಹಜ. ಸಮಮಿತಿಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಕನ್ನಡಿಯ ಬಗೆ. ನಡುವೆ ಗೆರೆ ಎಳೆದು, ಎಡಭಾಗದ ಪ್ರತಿಬಿಂಬವನ್ನು ಬಲಕ್ಕೆ ಇಡುವುದು. ಇನ್ನೊಂದು, ತಿರುಗುವ ಬಗೆ. ನಮ್ಮ ಚೌಕಾಬಾರದ ಮನೆಯನ್ನು ನೆನೆಯಿರಿ. ಅದನ್ನು ಕಾಲು ಸುತ್ತು ತಿರುಗಿಸಿದರೂ ಅದು ಹಾಗೆಯೇ ಕಾಣುತ್ತದೆ, ನಾಲ್ವರೂ ನಡೆಸಬೇಕಾದ ಮನೆಗಳ ಸಂಖ್ಯೆಯೂ ಒಂದೇ. ನಾಲ್ಕು ಆರಂಭಸ್ಥಾನಗಳುಳ್ಳ ಹಲವು ನಕ್ಷೆಗಳು ಈ ತತ್ವವನ್ನೇ ಅನುಸರಿಸುತ್ತವೆ.

ಆದರೆ ತಿರುಗುವ ಬಗೆಯಲ್ಲೂ ತೊಡಕಿದೆ. ಪ್ರತಿಯೊಬ್ಬರ ಎರಡನೆಯ ನೆಲೆಯೂ ಪ್ರದಕ್ಷಿಣೆಯ ದಿಕ್ಕಿನಲ್ಲಿದೆ ಎಂದುಕೊಳ್ಳೋಣ. ಆಗ ಅಕ್ಕಪಕ್ಕದ ಮೂಲೆಗಳಲ್ಲಿರುವ ಇಬ್ಬರ ಪೈಕಿ ಒಬ್ಬ ಎದುರಾಳಿಯ ಕಡೆಗೆ ವಿಸ್ತರಿಸಬೇಕಾಗುತ್ತದೆ. ಮತ್ತೊಬ್ಬ ನಿರಾತಂಕವಾಗಿ ದೂರ ಸರಿಯುತ್ತಾನೆ. ಚಿತ್ರ ಸಮವಾಗಿದ್ದರೂ ಪರಿಸ್ಥಿತಿ ಸಮವಾಗಿರುವುದಿಲ್ಲ.

ಯಂತ್ರವೇ ಸಮವಲ್ಲ

ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ ಆಟದ ತಂತ್ರಾಂಶದೊಳಗೇ ಇದೆ. ಸ್ಟಾರ್‌ಕ್ರಾಫ್ಟ್‌ನಲ್ಲಿ ಅನಿಲದ ಬಾವಿ ಮುಖ್ಯ ಕಟ್ಟಡದ ಯಾವ ದಿಕ್ಕಿನಲ್ಲಿದೆ ಎಂಬುದರ ಮೇಲೆ ಅನಿಲ ಸಂಗ್ರಹದ ವೇಗ ಬದಲಾಗುತ್ತದೆ. ಕೆಲವು ದಿಕ್ಕುಗಳಲ್ಲಿ 3 ಕಾರ್ಮಿಕರು ಸಾಕು, ಇನ್ನು ಕೆಲವೆಡೆ ಅಷ್ಟೇ ಅನಿಲಕ್ಕೆ 4 ಮಂದಿ ಬೇಕು. ಎಂದರೆ, ಎಡಭಾಗವನ್ನು ಯಥಾವತ್ತಾಗಿ ಬಲಕ್ಕೆ ಪ್ರತಿಬಿಂಬಿಸಿದರೆ ಒಬ್ಬ ಆಟಗಾರ ಮೊದಲ ಕ್ಷಣದಿಂದಲೇ ಹಿಂದುಳಿಯಬಹುದು.

ಇಳಿಜಾರು ದಾರಿಗಳದ್ದೂ ಇದೇ ಕಥೆ. ಎತ್ತರದ ನೆಲದಲ್ಲಿರುವವರತ್ತ ಕೆಳಗಿನಿಂದ ಹಾರಿಸಿದ ಗುಂಡುಗಳ ಪೈಕಿ ಸುಮಾರು ಅರ್ಧದಷ್ಟು ಈ ಆಟದಲ್ಲಿ ಗುರಿ ತಪ್ಪುತ್ತವೆ. ಆದ್ದರಿಂದ ನೆಲೆಯಿಂದ ಇಳಿಯುವ ದಾರಿ ಅತ್ಯಂತ ಮಹತ್ವದ್ದು. ಆದರೆ ಆಟದೊಂದಿಗೆ ನೀಡಲಾದ ನಕ್ಷೆ ರಚನೆಯ ತಂತ್ರಾಂಶದಲ್ಲಿ ಪರದೆಯ ಕೆಳಮುಖಕ್ಕೆ ಇಳಿಯುವ ಎರಡು ಬಗೆಯ ಇಳಿಜಾರುಗಳು ಮಾತ್ರ ಇದ್ದವು. ಮೇಲ್ಮುಖದವನ್ನು ರಚನಕಾರರು ನೆಲದ ಬಿಡಿ ಚೂರುಗಳನ್ನು ಜೋಡಿಸಿ ತಾವೇ ಸೃಷ್ಟಿಸಿಕೊಳ್ಳಬೇಕಾಯಿತು.

ಆಡು-ಹುಲಿಯ ಪಾಠ

ನೆಲ ಸಂಪೂರ್ಣ ಸಮವಾದರೂ ಮತ್ತೊಂದು ಪ್ರಶ್ನೆ ಉಳಿಯುತ್ತದೆ. ಆಡು-ಹುಲಿ ಆಟದಂತೆ ಇಲ್ಲಿಯೂ ಪಕ್ಷಗಳ ಸ್ವಭಾವ ಬೇರೆ ಬೇರೆ. ಟೆರನ್, ಪ್ರೋಟಾಸ್, ಜರ್ಗ್ ಎಂಬ ಮೂರು ಜನಾಂಗಗಳಿವೆ. ಟೆರನ್ ಟ್ಯಾಂಕುಗಳಿಗೆ ಕಿರಿದಾದ ದಾರಿಯೇ ವರ. ಜರ್ಗ್ ಹಿಂಡಿಗೆ ಶತ್ರುವನ್ನು ಸುತ್ತುವರಿಯಲು ಬಯಲು ಬೇಕು. ಹಳೆಯ, ಜನಪ್ರಿಯ 'ಲಾಸ್ಟ್ ಟೆಂಪಲ್' ನಕ್ಷೆಯಲ್ಲಿ ಎರಡನೆಯ ನೆಲೆಯ ನೆತ್ತಿಯ ಮೇಲೆ ಬಂಡೆಯೊಂದಿತ್ತು. ಟೆರನ್ ಆಟಗಾರರು ಅಲ್ಲಿಗೆ ಆಕಾಶಮಾರ್ಗವಾಗಿ ಟ್ಯಾಂಕ್ ಇಳಿಸಿ ಎದುರಾಳಿಯ ಕಾರ್ಮಿಕರನ್ನು ನಾಶ ಮಾಡುತ್ತಿದ್ದರು. ಬಂಡೆ ಎಲ್ಲರ ನೆಲೆಯ ಪಕ್ಕದಲ್ಲಿದ್ದರೂ ಅದರ ಲಾಭ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಇಲ್ಲಿಯೇ ನಕ್ಷೆ ರಚನಕಾರನ ಪಾತ್ರ ಹಿರಿದಾಗುತ್ತದೆ. 2001ರ 1.08 ಆವೃತ್ತಿಯ ಬಳಿಕ ಬ್ಲಿಜರ್ಡ್ ಈ ಆಟದ ಸೈನ್ಯಗಳ ಬಲಾಬಲವನ್ನು ತಿದ್ದಲಿಲ್ಲ. ಯಾವುದಾದರೂ ಜನಾಂಗದ ಕೈ ಮೇಲಾದರೆ ಅದನ್ನು ಸರಿದೂಗಿಸಲು ನಕ್ಷೆಯೊಂದೇ ಸಾಧನವಾಗಿ ಉಳಿಯಿತು. ಕೊರಿಯಾದಲ್ಲಿ ಋತುವಿನಿಂದ ಋತುವಿಗೆ ನಕ್ಷೆಗಳು ಬದಲಾದವು. ಯಾವ ನಕ್ಷೆಯಲ್ಲಿ ಯಾವ ಜನಾಂಗ ಎಷ್ಟು ಪಂದ್ಯ ಗೆದ್ದಿತೆಂಬ ಲೆಕ್ಕ ಇಡಲಾಯಿತು. ದಾರಿಯನ್ನು ತುಸು ಅಗಲಿಸುವುದು, ಖನಿಜವನ್ನು ಒಂದೆರಡು ಚೌಕ ಸರಿಸುವುದು ಇವೇ ಪರಿಹಾರಗಳಾದವು.

ಅನುಭವಿ ರಚನಕಾರರು ಮೊದಲು ಸಮಮಿತಿಯನ್ನು ಸಾಧಿಸುತ್ತಾರೆ, ಬಳಿಕ ಅಗತ್ಯವಿದ್ದೆಡೆ ಅದನ್ನು ಬೇಕೆಂದೇ ಮುರಿಯುತ್ತಾರೆ. ಎರಡೂ ಬದಿಗೆ ಒಂದೇ ನೆಲ ಹಂಚುವುದು ಸುಲಭ, ಎರಡೂ ಬದಿಗೆ ಗೆಲ್ಲುವ ಅವಕಾಶವನ್ನು ಸಮನಾಗಿ ಹಂಚುವುದೇ ಕಷ್ಟದ ಕೆಲಸ.