ಚಪ್ಪಲಿ ಪಟ್ಟಿ ತಾಗಿದಲ್ಲೇ ತುರಿಕೆ ಯಾಕ?



ಬ್ಯಾಸಿಗಿಯಲ್ಲಿ ಕಾಲು ಬೆವತಾಗ ಹವಾಯಿ ಚಪ್ಪಲಿಯ ಪಟ್ಟಿ ತಾಗಿದಲ್ಲೇ ಚರ್ಮ ಕೆಂಪಾಗಿ, ತುರಿಸಿ, ನೀರು ಒಸರುತ್ತದೆಯೇ? ಇದು ಗಜಕರ್ಣವೇ ಆಗಬೇಕಿಲ್ಲ, ರಬ್ಬರಿನ ಅಲರ್ಜಿಯೂ ಇರಬಹುದು.

ರಬ್ಬರ್ ಗಟ್ಟಿಯಾಗಲು ಗಂಧಕ ಸೇರಿಸುತ್ತಾರೆ. ಆ ಕೆಲಸ ಬೇಗ ಆಗಲೆಂದು ಥೈಯುರಾಮ್‌ನಂಥ ರಾಸಾಯನಿಕ ಹಾಕುತ್ತಾರೆ. (ಹೆಸರು ಬಾಯಿಪಾಠ ಮಾಡೋದು ಬ್ಯಾಡ ಬಿಡ್ರಿ.) ಬೆವರಿನಲ್ಲಿ ಇದು ಚರ್ಮಕ್ಕೆ ಇಳಿಯುತ್ತದೆ. ತುರಿಕೆ ಕೂಡಲೇ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಅದಕ್ಕೇ ಚಪ್ಪಲಿ ಮೇಲೆ ನಮಗೆ ಅನುಮಾನ ಬರೋದಿಲ್ಲ. ವರ್ಷಗಟ್ಟಲೆ ಮೆಟ್ಟಿದ ಮೇಲೂ ಅಲರ್ಜಿ ಶುರುವಾಗಬಹುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಕೆಲವರಿಗೆ ಪಟ್ಟಿಯ ಆಕಾರದಲ್ಲೇ ಬಿಳಿ ಕಲೆ ಬೀಳುತ್ತದೆ. ಮನೆಯವರು ತೊನ್ನು ಅಂತ ಹೆದರಿ ಮಗಳ ಮದುವೆ ಮಾತನ್ನೇ ನಿಲ್ಲಿಸುತ್ತಾರೆ. ಈ ಕಲೆಯೂ ಚಪ್ಪಲಿಯ ರಾಸಾಯನಿಕದಿಂದ ಆಗಬಹುದು. ಹಾಗೆ ನೋಡಿದರೆ ತೊನ್ನು ಕೂಡ ಅಂಟುರೋಗವಲ್ಲ.

ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವವರಿರಲಿ, ಮನೆಯಲ್ಲಿ ಪಾತ್ರೆ ತಿಕ್ಕುವವರಿರಲಿ, ರಬ್ಬರ್ ಗ್ಲೌಸ್ ಹಾಕಿದಷ್ಟೂ ಕೈ ಕೆಡುತ್ತಿದ್ದರೆ ಗ್ಲೌಸನ್ನೇ ಅನುಮಾನಿಸಿರಿ. ಪ್ಲಾಸ್ಟಿಕ್ ಗ್ಲೌಸ್ ಹಾಕಿ, ಒಳಗೆ ಹತ್ತಿಯದು ಇರಲಿ. ಕಾಲಿಗೂ ಪ್ಲಾಸ್ಟಿಕ್ ಚಪ್ಪಲಿಯೇ ವಾಸಿ. ಟೈರ್ ಚಪ್ಪಲಿಯೂ ರಬ್ಬರೇ. ಲಿಂಬಿಹಣ್ಣು, ಸುಣ್ಣ ಹಚ್ಚಬ್ಯಾಡ್ರಿ. ಕೇಳದೇ ಮೆಡಿಕಲ್ ಶಾಪಿನ ಮುಲಾಮೂ ಬೇಡ.

ಬಾದಾಮಿ, ಹುನಗುಂದ ಕಡೆಯವರು ಬಾಗಲಕೋಟೆಗೆ ಬಂದಾಗ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿರಿ. ಬೆನ್ನಿಗೆ ಪಟ್ಟಿ ಅಂಟಿಸಿ 2 ದಿನಕ್ಕೆ ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ. ಅಲ್ಲೀತನಕ ಬೆನ್ನಿಗೆ ನೀರು ತಾಗಬಾರದು. ಬಸ್ಸಿನ ಖರ್ಚು ಮೂರು ಸಲದ್ದು ಹಿಡಿಯಿರಿ. ಹೋಗುವಾಗ ದಿನಾ ಹಾಕುವ ಚಪ್ಪಲಿ, ಗ್ಲೌಸ್ ಚೀಲದಲ್ಲಿ ಇರಲಿ.