18 ತುಂಬಿದ ಹುಡುಗಿಯ ಪ್ಯಾರಿಸ್ ಕನಸು: ವಾಪಸ್ ಬರ್ತೀಯಾ ಅನ್ನೋದಕ್ಕೆ ಸಾಕ್ಷಿ ಏನು?

ಅಕ್ಕನ ಮಗಳಿಗೆ ಮೊನ್ನೆ 18 ತುಂಬಿತು. ದಾವಣಗೆರೆಯ ಮನೆಯಲ್ಲಿ ಕೇಕ್ ಕತ್ತರಿಸಿ, ನೆಂಟರನ್ನೆಲ್ಲ ಕಳಿಸಿ, ರಾತ್ರಿ ಹನ್ನೊಂದಕ್ಕೆ ನನಗೆ ವಿಡಿಯೋ ಕಾಲ್ ಮಾಡಿದಳು. "ಮಾಮ, ಸೆಮಿಸ್ಟರ್ ರಜೆಯಲ್ಲಿ ಪ್ಯಾರಿಸ್‌ಗೆ ಹೋಗ್ತೀನಿ. ಒಬ್ಬಳೇ. ಅಮ್ಮಂಗೆ ನೀನೇ ಹೇಳು."

ಪ್ಯಾರಿಸ್ ಯಾಕೆ ಅಂತ ಕೇಳಬೇಕಾಗಿರಲಿಲ್ಲ. ಪಿಯುಸಿಯಲ್ಲಿ ಮಾರ್ಕ್ಸ್ ಚೆನ್ನಾಗಿ ಬರುತ್ತೆ ಅಂತ ಭಾಷೆಯಾಗಿ ಫ್ರೆಂಚ್ ತಗೊಂಡವರ ಪೈಕಿ ಅವಳೂ ಒಬ್ಬಳು. ಬಹಳ ಜನ ರಿಸಲ್ಟ್ ಬಂದ ಮರುದಿನವೇ ಅದನ್ನು ಮರೆಯುತ್ತಾರೆ. ಇವಳು ಮರೆಯಲಿಲ್ಲ. ಫೋನಿನ ಭಾಷೆಯನ್ನೇ ಫ್ರೆಂಚ್ ಮಾಡಿಕೊಂಡಿದ್ದಾಳೆ. ಪ್ಯಾರಿಸ್ ಮೆಟ್ರೋದ ಯಾವ ಲೈನ್ ಎಲ್ಲಿ ಬದಲಾಯಿಸಬೇಕು ಅಂತ ಅವಳಿಗೆ ಬಾಯಿಪಾಠ.

ಅಕ್ಕ ನಿರೀಕ್ಷಿಸಿದ ಹಾಗೆಯೇ "ಒಬ್ಬಳೇನಾ?" ಅಂದಳು. ಭಾವ ಮಾತ್ರ ದುಡ್ಡೆಷ್ಟು ಅಂತ ಕೇಳಿದರು. ಇಬ್ಬರದ್ದೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಈ ಪ್ರಯಾಣದ ಮೊದಲ ಪ್ರಶ್ನೆ ಅವೆರಡೂ ಅಲ್ಲ. ವೀಸಾ ಫಾರ್ಮ್ ಬಿಚ್ಚಿ ಕೂತಾಗಲೇ ಅದು ಅವಳಿಗೆ ಗೊತ್ತಾಗಿದ್ದು: ನೀನು ವಾಪಸ್ ಹೋಗ್ತೀಯಾ? ಅದಕ್ಕೆ ಸಾಕ್ಷಿ ಏನು?

ಷೆಂಗೆನ್ ವೀಸಾ ಅಂದರೆ ಯುರೋಪಿನ 29 ದೇಶಗಳಿಗೆ ಒಂದೇ ವೀಸಾ. ಅದನ್ನು ನಡೆಸುವುದು 2009ರ ವೀಸಾ ಸಂಹಿತೆ. ತಿರಸ್ಕರಿಸಲು ಯಾವ ಯಾವ ಕಾರಣ ಕೊಡಬಹುದು ಅಂತ ಅದರಲ್ಲೇ ಪಟ್ಟಿಯಿದೆ. ತಿರಸ್ಕಾರದ ಪತ್ರಕ್ಕೂ ಒಂದು ಸಿದ್ಧ ನಮೂನೆ ಇದೆ, ಅದರಲ್ಲಿ ಚೌಕಗಳಿವೆ, ಅನ್ವಯಿಸುವ ಚೌಕಕ್ಕೆ ಟಿಕ್ ಹಾಕಿದರೆ ಮುಗಿಯಿತು. ಒಂದು ಚೌಕದ ಅರ್ಥ ಹೆಚ್ಚುಕಡಿಮೆ ಹೀಗೆ: ವೀಸಾ ಮುಗಿಯುವ ಮೊದಲು ನೀವು ಹೊರಡುತ್ತೀರಿ ಎನ್ನುವ ಬಗ್ಗೆ ನಮಗೆ ಸಕಾರಣವಾದ ಅನುಮಾನವಿದೆ.

ಹಾಗಾದರೆ ವಾಪಸ್ ಬರುತ್ತೇನೆ ಅಂತ ತೋರಿಸುವುದು ಹೇಗೆ? ಕೆಲಸ ಇದ್ದರೆ ಕಂಪನಿಯ ರಜೆ ಪತ್ರ, ಸಂಬಳದ ಸ್ಲಿಪ್. ಆಸ್ತಿ ಇದ್ದರೆ ಅದರ ಕಾಗದ. ಗಂಡ ಅಥವಾ ಹೆಂಡತಿ, ಮಕ್ಕಳು ಊರಲ್ಲಿದ್ದರೆ ಅದೂ ಒಂದು ಕಟ್ಟು. ಈಗ 18ರ ಹುಡುಗಿಯನ್ನು ಈ ತಕ್ಕಡಿಯಲ್ಲಿ ಕೂರಿಸಿ ನೋಡಿ. ಕೆಲಸ ಇಲ್ಲ, ಸೈಟು ಇಲ್ಲ, ಮದುವೆ ಇಲ್ಲ, ಪಾಸ್‌ಪೋರ್ಟಿನಲ್ಲಿ ಒಂದು ಸ್ಟ್ಯಾಂಪೂ ಇಲ್ಲ. ಈ ವಯಸ್ಸಿನಲ್ಲಿ ಯಾರಿಗೂ ಇರಲ್ಲ. ಅಂದರೆ ಹರೆಯವೇ ಇಲ್ಲಿ ಒಂದು ಕೊರತೆ.

ಇನ್ನು ಅವಳ ಖರ್ಚು ಹೊರುವವರು ಭಾವ. ಅವರದ್ದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಪೇಂಟು. ವ್ಯವಹಾರದ ಅರ್ಧ ನಗದು, ಇನ್ನರ್ಧ ಖಾತೆ ಪುಸ್ತಕದ ಉದ್ರಿ. ಊರಲ್ಲಿ ಅವರ ಮಾತಿಗೆ ಲಕ್ಷಗಟ್ಟಲೆ ಮಾಲು ಬರುತ್ತೆ. ಆದರೆ ಆ ಮಾತು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣಲ್ಲ. ತಿಂಗಳ ಕೊನೆಗೆ ಸರಿಯಾಗಿ ಸಂಬಳ ಬೀಳುವ ಐಟಿ ಉದ್ಯೋಗಿಯ ಖಾತೆ ಅಧಿಕಾರಿಗೆ ಒಂದೇ ನೋಟಕ್ಕೆ ಅರ್ಥವಾಗುತ್ತೆ. ಅಂಗಡಿಯವನ ಖಾತೆ, ರೈತನ ಖಾತೆ ಅರ್ಥವಾಗಲ್ಲ. ಗೊಬ್ಬರ, ಬೀಜಕ್ಕೆ ಹೋಗಿ, ಅಡಿಕೆ ಮಾರಿದಾಗ ಒಂದೇ ಸಲ ದೊಡ್ಡ ಮೊತ್ತ ಬೀಳುವ ಖಾತೆ, ವೀಸಾಗಾಗಿ ಸಾಲ ತಂದು ತುಂಬಿಸಿದ ಖಾತೆಯ ಹಾಗೇ ಕಾಣುತ್ತೆ.

ಖರ್ಚಿನ ಲೆಕ್ಕಕ್ಕೆ ಬರೋಣ. 2024ರ ಜೂನ್ 11ರಿಂದ ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ಅದಕ್ಕೂ ಮೊದಲು 80 ಇತ್ತು. ಅರ್ಜಿ ಸ್ವೀಕರಿಸುವ ಖಾಸಗಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ಫ್ರಾನ್ಸ್ ಆದರೆ, ಹೋಟೆಲ್ ಮೊದಲೇ ಬುಕ್ ಆಗಿದ್ದರೆ ದಿನಕ್ಕೆ 65 ಯೂರೋ, ಆಗಿಲ್ಲದಿದ್ದರೆ 120 ಯೂರೋ ಕೈಯಲ್ಲಿದೆ ಅಂತ ತೋರಿಸಬೇಕು. ಯೂರೋಗೆ 100 ರೂಪಾಯಿ ಅಂತ ಸುಲಭದ ಲೆಕ್ಕ ಹಿಡಿದರೂ, ಎಂಟು ದಿನಕ್ಕೆ 52,000 ರೂಪಾಯಿ. ವಿಮಾನದ ಟಿಕೆಟ್, ರೂಮಿನ ಬಾಡಿಗೆ ಇದರ ಹೊರಗೆ. ಬೆರಳಚ್ಚು ಕೊಡಲು ದಾವಣಗೆರೆಯಿಂದ ಬೆಂಗಳೂರಿಗೆ ಖುದ್ದಾಗಿ ಬರಬೇಕು.

ವೀಸಾ ಸಿಗದಿದ್ದರೆ ಶುಲ್ಕ ವಾಪಸ್ ಇಲ್ಲ. 2024ರಲ್ಲಿ ಭಾರತದಿಂದ 11 ಲಕ್ಷಕ್ಕೂ ಹೆಚ್ಚು ಷೆಂಗೆನ್ ಅರ್ಜಿಗಳು ಹೋದವು, ಸುಮಾರು 1.65 ಲಕ್ಷ ತಿರಸ್ಕಾರಗೊಂಡವು. ತಲಾ 80 ಯೂರೋ ಅಂತ ಸ್ಥೂಲವಾಗಿ ಗುಣಿಸಿ: 1.3 ಕೋಟಿ ಯೂರೋ. ಇದು ಹೋಗದ ಪ್ರಯಾಣಗಳಿಗೆ ನಾವು ಕಟ್ಟಿದ ದುಡ್ಡು.

ಇಂಜಿನಿಯರಿಂಗ್ ಓದಿದ್ದರಿಂದ ಉಳಿದಿರುವ ಒಂದು ಚಟ, ಯಾವುದನ್ನೇ ನೋಡಿದರೂ ಇದು ಎಂಥ ಯಂತ್ರ ಅಂತ ಯೋಚಿಸುವುದು. ವೀಸಾ ಕಚೇರಿ ಮೂಲತಃ ಒಂದು ಜರಡಿ. ಜರಡಿ ಎರಡು ಥರ ತಪ್ಪು ಮಾಡಬಹುದು. ವಾಪಸ್ ಹೋಗದವನನ್ನು ಒಳಗೆ ಬಿಡಬಹುದು, ಅಥವಾ ವಾಪಸ್ ಹೋಗುತ್ತಿದ್ದವಳನ್ನು ಹೊರಗೇ ನಿಲ್ಲಿಸಬಹುದು. ಮೊದಲ ತಪ್ಪಿನ ಬೆಲೆ ಆ ದೇಶದ್ದು. ಟಿವಿಯಲ್ಲಿ ಚರ್ಚೆ, ಚುನಾವಣೆಯಲ್ಲಿ ವಿಷಯ, ಅಧಿಕಾರಿಗೆ ಪ್ರಶ್ನೆ. ಎರಡನೇ ತಪ್ಪಿನ ಬೆಲೆ ಪೂರ್ತಿ ಅರ್ಜಿದಾರಳದ್ದು. ಅವಳಿಗೆ ಅಲ್ಲಿ ವೋಟಿಲ್ಲ, ಅವಳ ಪರವಾಗಿ ಅಲ್ಲಿ ಯಾರೂ ಕೂಗಲ್ಲ. ಹೀಗಿದ್ದಾಗ ಜರಡಿಯ ಕಣ್ಣು ಸಣ್ಣದಾಗುತ್ತಲೇ ಹೋಗುತ್ತೆ. ಇದಕ್ಕೆ ಒಬ್ಬ ಕೆಟ್ಟ ಅಧಿಕಾರಿ ಬೇಕಾಗಿಲ್ಲ. ಯಂತ್ರದ ರಚನೆಯೇ ಹಾಗಿದೆ.

ಮೇಲಿಂದ ಒಂದು ಕೋಳಿ-ಮೊಟ್ಟೆ ಸಮಸ್ಯೆ. ಮೊದಲು ಹೋಗಿ ಬಂದವರನ್ನು ನಂಬುತ್ತಾರೆ. ಮೊದಲು ಹೋಗುವುದಕ್ಕೆ ನಂಬಿಕೆ ಬೇಕು. 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಕಮಿಷನ್ ಭಾರತದಲ್ಲಿರುವ ಭಾರತೀಯರಿಗಾಗಿ ಹೊಸ ನಿಯಮ ತಂದಿತು: ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ, ಎರಡು ವರ್ಷದ ಬಹುಪ್ರವೇಶ ವೀಸಾ ಸಿಗಬಹುದು, ಅದಾದ ಮೇಲೆ ಐದು ವರ್ಷದ್ದು. ಒಳ್ಳೆಯ ನಿಯಮವೇ, ನಮ್ಮ ಪತ್ರಿಕೆಗಳೂ ಸಂಭ್ರಮಿಸಿದವು. ಆದರೆ ಇದು ಏಣಿಯ ಮೇಲಿನ ಮೆಟ್ಟಿಲುಗಳನ್ನು ಹತ್ತಿರ ಮಾಡಿತೇ ಹೊರತು, ಕೆಳಗಿನ ಮೊದಲ ಮೆಟ್ಟಿಲು ಇದ್ದ ಎತ್ತರದಲ್ಲೇ ಇದೆ. ನನ್ನ ಮೊದಲ ಅರ್ಜಿಯೂ ತಿರಸ್ಕಾರ ಆಗಿತ್ತು. ಬೇರೆ ದೇಶ, ಹೆಸರು ಬೇಡ. ಆಗ ನನಗೆ 27, ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದ ಹೊಸತು. ಕೆಲಸ ಬಿಡುವ ಮೊದಲು ಅರ್ಜಿ ಹಾಕಿದ್ದರೆ ಸಿಗುತ್ತಿತ್ತೇನೋ. ಮನುಷ್ಯ ಅವನೇ, ಸ್ಲಿಪ್ ಮಾತ್ರ ಇರಲಿಲ್ಲ.

ಅದೇ 18 ವರ್ಷವನ್ನು ಯುರೋಪ್ ತನ್ನ ಮಕ್ಕಳ ವಿಷಯದಲ್ಲಿ ಹೇಗೆ ನೋಡುತ್ತೆ ಗೊತ್ತಾ? 2018ರಲ್ಲಿ ಯುರೋಪಿಯನ್ ಒಕ್ಕೂಟ 'ಡಿಸ್ಕವರ್ ಇಯು' ಅಂತ ಒಂದು ಯೋಜನೆ ಶುರು ಮಾಡಿತು. 18 ತುಂಬಿದವರು ಅರ್ಜಿ ಹಾಕಿ ಒಂದು ಸಣ್ಣ ಕ್ವಿಜ್ ಉತ್ತರಿಸಬೇಕು. ಆಯ್ಕೆಯಾದರೆ ರೈಲಿನ ಪಾಸ್ ಉಚಿತ, ಗರಿಷ್ಠ 30 ದಿನ ಊರೂರು ಸುತ್ತಬಹುದು, ಒಬ್ಬರೇ ಅಥವಾ ಗೆಳೆಯರ ಜೊತೆ. ಸರ್ಕಾರವೇ ದುಡ್ಡು ಕೊಟ್ಟು ಮನೆಯಿಂದ ಹೊರಗೆ ಹೋಗು, ಬೇರೆ ಭಾಷೆ ಕೇಳು, ಕಲಿ ಅನ್ನುತ್ತೆ. ವಾರ್ಸಾದ ಹುಡುಗಿಗೆ 18 ಅಂದರೆ ಕಲಿಯುವ ವಯಸ್ಸು. ದಾವಣಗೆರೆಯ ಹುಡುಗಿಗೆ ಅನುಮಾನದ ವಯಸ್ಸು.

ಶ್ರೀಮಂತ ದೇಶಗಳಿಗೆ ಮಾತ್ರ ಈ ಸೌಲಭ್ಯ ಅಂದುಕೊಳ್ಳಬೇಡಿ. ಅಮೆರಿಕ, ಜಪಾನ್ ಸರಿ; ಆದರೆ ಬ್ರೆಜಿಲ್‌ನವರಿಗೂ ಷೆಂಗೆನ್‌ಗೆ 90 ದಿನದವರೆಗೆ ವೀಸಾ ಬೇಡ. ಕೊಲಂಬಿಯಾಕ್ಕೆ 2015ರಲ್ಲಿ, ಪೆರುವಿಗೆ 2016ರಲ್ಲಿ, ಜಾರ್ಜಿಯಾ ಮತ್ತು ಉಕ್ರೇನ್‌ಗೆ 2017ರಲ್ಲಿ ವಿನಾಯಿತಿ ಸಿಕ್ಕಿತು. ಅವೆಲ್ಲ ಸುಮ್ಮನೆ ಉದುರಿದ್ದಲ್ಲ, ಮಾತುಕತೆಯಲ್ಲಿ ಕೇಳಿ ಪಡೆದಿದ್ದು. ನಮ್ಮ ಪಾಸ್‌ಪೋರ್ಟಿನ 'ಬಲ'ದ ಬಗ್ಗೆ ಭಾಷಣಗಳು ಬೇಕಾದಷ್ಟಿವೆ. ವ್ಯಾಪಾರ ಒಪ್ಪಂದದ ಮೇಜಿನಲ್ಲಿ ನಾವು ಎತ್ತುವುದು ಬಹುತೇಕ ಕಂಪನಿಗಳು ಕಳಿಸುವ ವೃತ್ತಿಪರರ ಓಡಾಟದ ವಿಷಯವನ್ನು. ಸುಮ್ಮನೆ ನೋಡಿಕೊಂಡು ಬರುತ್ತೇನೆ ಅನ್ನುವ ಹುಡುಗಿಯ ಪರ ಮಾತಾಡುವ ಲಾಬಿ ಯಾವುದಿದೆ?

ಪಾಸ್‌ಪೋರ್ಟ್ ಅನ್ನೋದು ಎಂದಿನಿಂದಲೂ ಇತ್ತು ಅನ್ನಿಸುತ್ತೆ, ಆದರೆ ಮೊದಲನೇ ಮಹಾಯುದ್ಧಕ್ಕೂ ಮುಂಚೆ ಯುರೋಪಿನ ಬಹುಭಾಗದಲ್ಲಿ ಅದಿಲ್ಲದೆ ಓಡಾಡಬಹುದಿತ್ತು. ಯುದ್ಧಕಾಲದ ತಾತ್ಕಾಲಿಕ ಕ್ರಮ ಯುದ್ಧ ಮುಗಿದ ಮೇಲೂ ಉಳಿಯಿತು. ಇಂದಿನ ಪುಸ್ತಕ ರೂಪದ ಪಾಸ್‌ಪೋರ್ಟಿಗೆ ಏಕರೂಪ ಕೊಟ್ಟಿದ್ದು 1920ರಲ್ಲಿ ಲೀಗ್ ಆಫ್ ನೇಷನ್ಸ್ ಕರೆದ ಸಮ್ಮೇಳನ. ಅದು ನಡೆದ ಊರು ಯಾವುದು ಅಂದುಕೊಂಡಿರಿ? ಪ್ಯಾರಿಸ್. ಅದೇ ವರ್ಷ ಬ್ರಿಟಿಷರು ಭಾರತದಲ್ಲೂ ಪಾಸ್‌ಪೋರ್ಟ್ ಕಾಯ್ದೆ ತಂದರು.

ಸ್ವಾತಂತ್ರ್ಯ ಬಂದ ಮೇಲೂ ಎರಡು ದಶಕ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಯಾಗಿತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಹೇಳಿತು. ಆ ತೀರ್ಪಿನ ಒತ್ತಡದಲ್ಲೇ ಅದೇ ವರ್ಷ ಇಂದಿನ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ತೀರ್ಪು, ಪಾಸ್‌ಪೋರ್ಟ್ ಕಿತ್ತುಕೊಳ್ಳುವ ವಿಧಾನ ನ್ಯಾಯಯುತವಾಗಿರಬೇಕು ಅಂತ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಕಾನೂನು ವಿದ್ಯಾರ್ಥಿಗಳು ಇವತ್ತಿಗೂ 21ನೇ ವಿಧಿ ಓದಲು ಶುರು ಮಾಡುವುದು ಒಂದು ಪಾಸ್‌ಪೋರ್ಟ್ ಜಗಳದಿಂದ.

ಆದರೆ ಈ ಹಕ್ಕು ಅರ್ಧ ಬಾಗಿಲು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿ ಯಾವುದೇ ದೇಶವನ್ನು ಬಿಟ್ಟು ಹೋಗುವ, ತನ್ನ ದೇಶಕ್ಕೆ ಮರಳುವ ಹಕ್ಕು ಕೊಡುತ್ತೆ. ಇನ್ನೊಂದು ದೇಶದೊಳಗೆ ಕಾಲಿಡುವ ಹಕ್ಕನ್ನು ಯಾವ ವಿಧಿಯೂ ಕೊಡಲ್ಲ. ಹೊರಡಬಹುದು, ತಲುಪುವುದು ಇನ್ನೊಬ್ಬರ ಕೃಪೆ.

ಹಾಗಂತ ನಮ್ಮ ಸರ್ಕಾರವೂ ಹುಡುಗಿಯರನ್ನು ಪೂರ್ತಿ ನಂಬುತ್ತದೆ ಅಂತಲ್ಲ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ವರ್ಗಕ್ಕೆ ಸೇರುತ್ತೆ. ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಬೇಕು. ಹೀಗೆ ಹೋಗುವ ಹೆಂಗಸಿಗೆ 30 ವರ್ಷ ತುಂಬಿರಬೇಕು ಅಂತ ನಿಯಮ. ಶೋಷಣೆ ತಪ್ಪಿಸಲು ಅನ್ನುವುದು ಕಾರಣ, ಶೋಷಣೆ ಇರುವುದೂ ನಿಜ. ಆದರೆ ಗಂಡಸಿಗೆ ಈ ವಯಸ್ಸಿನ ಬೇಲಿ ಇಲ್ಲ. ಅಕ್ಕನ ಮಗಳಿಗೆ ಎಸ್‌ಎಸ್‌ಎಲ್‌ಸಿ ಪಾಸಾದ ಕಾರಣ ಈ ಗೋಡೆ ಕಾಣಲೇ ಇಲ್ಲ. ಅದೇ ಬೀದಿಯಲ್ಲಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ಕುವೈತ್‌ಗೆ ಮನೆಕೆಲಸಕ್ಕೆ ಹೊರಟರೆ ಕಾಣುತ್ತೆ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ನಮ್ಮಲ್ಲೇ ಇದೆ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ. (ಷೆಂಗೆನ್ ಶುಲ್ಕ ಏರಿದ್ದು ಸರಿಯಾಗಿ ಒಂದು ವರ್ಷದ ನಂತರ, ಅದೇ ತಾರೀಕಿಗೆ. ಕಾಕತಾಳೀಯ ಅಷ್ಟೇ.) ಉಚಿತ ಟಿಕೆಟ್ ಹಿಡಿದು ಕೆಂಪು ಬಸ್ಸಲ್ಲಿ ಧರ್ಮಸ್ಥಳಕ್ಕೋ ಹಂಪಿಗೋ ಹೊರಟ ಹೆಂಗಸರನ್ನು ನೋಡಿ ಎಷ್ಟು ಜೋಕು ಬಂದವು ನೆನಪಿದೆಯಾ? ಕೆಲಸಕ್ಕೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಸುಮ್ಮನೆ ಯಾಕೆ ತಿರುಗುತ್ತಾರೆ ಅಂತ. ಸುಮ್ಮನೆ ತಿರುಗುವುದಕ್ಕೆ ಕಾರಣ ಕೇಳುವ ಚಾಳಿ ವೀಸಾ ಕಚೇರಿಯದ್ದು ಮಾತ್ರ ಅಲ್ಲ. ಅಕ್ಕನ ಮಗಳ ಮೊದಲ ಒಂಟಿ ಪ್ರಯಾಣವೂ ಹಾಸ್ಟೆಲ್‌ನಿಂದ ಊರಿಗೆ, ಶಕ್ತಿ ಟಿಕೆಟ್‌ನಲ್ಲೇ ಆಗಿದ್ದು.

ಅರ್ಜಿ ಹಾಕುವವರಿಗೆ ಕೆಲಸಕ್ಕೆ ಬರುವ ನಾಲ್ಕು ಮಾತು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಇದ್ದರೆ ಆಗಲ್ಲ. ಕೊನೆ ಗಳಿಗೆಯಲ್ಲಿ ಖಾತೆಗೆ ದುಡ್ಡು ತುಂಬಿಸಬೇಡಿ. ಅಡಿಕೆ ದುಡ್ಡೇ ಆದರೆ ಮಂಡಿಯ ಬಿಲ್ ಜೊತೆಗಿಡಿ. ಕಾಲೇಜಿನ ಪತ್ರದಲ್ಲಿ ತರಗತಿ ಮತ್ತೆ ಶುರುವಾಗುವ ದಿನಾಂಕ ಇರಲಿ, 18ರಲ್ಲಿ ನಿಮ್ಮ ಹತ್ತಿರ ಇರುವ ಗಟ್ಟಿ ಹಗ್ಗ ಅದೊಂದೇ. ಏಜೆಂಟ್ ಮಾಡಿಕೊಡುವ ನಕಲಿ ಬುಕಿಂಗ್ ಮುಟ್ಟಬೇಡಿ. ತಿರಸ್ಕಾರವಾದರೆ ಕಾರಣ ಬರೆದು ಕೊಡಲೇಬೇಕು, ಮೇಲ್ಮನವಿ ಹಾಕುವ ಹಕ್ಕೂ ಇದೆ, ಹಾಕುವವರು ಕಡಿಮೆ.

ಈಗ ದಾವಣಗೆರೆಯ ಮನೆಯಲ್ಲಿ ಊಟದ ಮೇಜಿನ ತುಂಬ ಕಾಗದ. ಭಾವ ಜಿಎಸ್‌ಟಿ ಸರ್ಟಿಫಿಕೇಟ್ ಹುಡುಕುತ್ತಿದ್ದಾರೆ. ಅಕ್ಕ ಒಪ್ಪಿದಂತೆಯೂ ಇಲ್ಲ, ಬೇಡ ಅಂದಂತೆಯೂ ಇಲ್ಲ. ದಿನಾ ಎರಡು ಸಲ ಫೋನ್ ಮಾಡಬೇಕು ಅನ್ನುವ ಕರಾರಿನ ಹಂತದಲ್ಲಿದ್ದಾಳೆ. ಇವಳು ಒಂದು ಎಕ್ಸೆಲ್ ಶೀಟ್ ಮಾಡಿದ್ದಾಳೆ. ಅದರಲ್ಲಿ ಲೂವ್ರ್ ಮ್ಯೂಸಿಯಂನ ಸಾಲು: 32 ಯೂರೋ. 2026ರ ಜನವರಿ 14ರಿಂದ ಯುರೋಪಿಯನ್ ಆರ್ಥಿಕ ವಲಯದ ಹೊರಗಿನವರಿಗೆ ಟಿಕೆಟ್ 22ರಿಂದ 32ಕ್ಕೆ ಏರಿದೆ. ಆ ವಲಯದ ನಿವಾಸಿಗಳಿಗೆ 26 ತುಂಬುವವರೆಗೆ ಪ್ರವೇಶ ಉಚಿತ. 18ರ ಕೆಳಗಿನವರಿಗೆ, ಯಾವ ದೇಶದವರಾದರೂ ಸರಿ, ಉಚಿತ.

"ಹೋದ ತಿಂಗಳು ಹೋಗಿದ್ರೆ ಫ್ರೀ ಆಗ್ತಿತ್ತಲ್ಲ ಮಾಮ" ಅಂತ ನಕ್ಕಳು. ಆಮೇಲೆ ಕವರಿಂಗ್ ಲೆಟರ್ ತೋರಿಸಿದಳು, ಅಂದವಾದ ಫ್ರೆಂಚಿನಲ್ಲಿ ಬರೆದಿದ್ದು. ವಾಪಸ್ ಯಾಕೆ ಬರುತ್ತೇನೆ ಅನ್ನುವ ಪ್ಯಾರಾದಲ್ಲಿ ಕಾಲೇಜು ಶುರುವಾಗುವ ದಿನ, ಪರೀಕ್ಷೆಯ ದಿನ ಬರೆದು, ಮುಂದೆ ಎರಡು ಸಾಲು ಖಾಲಿ ಬಿಟ್ಟಿದ್ದಳು. ಇನ್ನೇನು ಬರೀಲಿ ಅಂತ ಕೇಳಿದಳು. ನಮ್ಮ ಅಪಾಯಿಂಟ್‌ಮೆಂಟ್ ಬರುವ ಮಂಗಳವಾರ.